ಪಿಂಚಣಿ ವ್ಯವಸ್ಥೆಯ ಬಾಳಿಕೆ: ಕರ್ನಾಟಕ ಮತ್ತು ದೇವರ ಹಿಪ್ಪರಗಿ ಸೀಮೆ

ದುಡಿಯುವ ವಯಸ್ಸು ದಾಟಿದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣಕ್ಕೆ ಸಾಮಾನ್ಯವಾಗಿ ಪಿಂಚಣಿ, ನಿವೃತ್ತಿ ವೇತನ, ಮಾಸಾಶನ ಎಂಬ ಹೆಸರುಗಳಿವೆ. ಕೊಟ್ಟ ಮಾತನ್ನು ತಲೆಮಾರುಗಳವರೆಗೆ ಮುರಿಯದೆ, ಶಾಲೆ, ಆಸ್ಪತ್ರೆ, ನೀರಾವರಿಯ ಹಣಕ್ಕೆ ಕೈಹಾಕದೆ, ಪಡೆಯುವವರ ಹೊಟ್ಟೆಬಟ್ಟೆಗೆ ಸಾಲುವಂತೆ ಈ ಹಣವನ್ನು ಪೂರೈಸುತ್ತ ಹೋಗುವ ಶಕ್ತಿಯೇ ಪಿಂಚಣಿ ವ್ಯವಸ್ಥೆಯ ಆರ್ಥಿಕ ಬಾಳಿಕೆ. ಹಣಕಾಸಿನ ವರದಿಗಳು ಮೊದಲ ಎರಡು ಮಾತುಗಳನ್ನು ಎಚ್ಚರದಿಂದ ತೂಗುತ್ತವೆ. ಮೂರನೆಯದನ್ನು ಬಹಳ ಸಲ ಕೈಬಿಡುತ್ತವೆ. ಬೆಲೆ ಏರಿದಂತೆ ಏರದ ಮಾಸಾಶನ ಖಜಾನೆಗೆ ಎಂದೂ ಭಾರವಾಗದು. ಹಾಗೆಂದು ಅದು ಬಾಳಿಕೆ ಬರುತ್ತಿದೆ ಎನ್ನಲಾಗದು. ಅದರ ಕೊರತೆ ಸರ್ಕಾರದ ಲೆಕ್ಕದಿಂದ ಮುದುಕರ ಮನೆಯ ಲೆಕ್ಕಕ್ಕೆ ವರ್ಗವಾಗಿರುತ್ತದೆ, ಅಷ್ಟೆ.

ಈ ವಿಷಯವನ್ನು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಸೀಮೆಯಿಂದ ನೋಡುವುದಕ್ಕೆ ಕಾರಣವಿದೆ. ವಚನಕಾರ ಮಡಿವಾಳ ಮಾಚಿದೇವರ ಊರೆಂದು ಹೆಸರಾದ, ರಾವುತರಾಯನ ಜಾತ್ರೆಗೆ ಸುತ್ತಿನ ಹಳ್ಳಿಗಳ ಜನ ನೆರೆಯುವ ಈ ಪಟ್ಟಣ ಬಹುಕಾಲ ಸಿಂದಗಿ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪೈಕಿ ಇದೂ ಒಂದಾಗಿ, ಮರುವರ್ಷ ಅಸ್ತಿತ್ವಕ್ಕೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಡುವಿನ ಈ ಎರೆಭೂಮಿಯಲ್ಲಿ ಬಿಳಿಜೋಳ ಮತ್ತು ತೊಗರಿಯ ಒಣಬೇಸಾಯ ದೊಡ್ಡದು. ಮಳೆ ಕೈಕೊಟ್ಟ ವರ್ಷ ದುಡಿಯುವವರು ಗೋವಾ, ಪುಣೆ, ಮುಂಬೈ, ಬೆಂಗಳೂರಿನ ಕಡೆಗೆ ಗುಳೆ ಹೋಗುತ್ತಾರೆ. ಸಂಘಟಿತ ಉದ್ಯೋಗ ಕಡಿಮೆ. ಹೀಗಾಗಿ ಮುಪ್ಪಿನಲ್ಲಿ ತಿಂಗಳಿಗೊಮ್ಮೆ ಖಾತೆಗೆ ಬರುವ ಹಣ ಎಂದರೆ ಇಲ್ಲಿ ಮುಖ್ಯವಾಗಿ ಎರಡೇ: ನಿವೃತ್ತ ಸರ್ಕಾರಿ ನೌಕರರ ಪಿಂಚಣಿ, ಮತ್ತು ಹಳ್ಳಿಯವರು ಮುದುಕರ ಪಗಾರ ಎಂದು ಕರೆಯುವ ಸಾಮಾಜಿಕ ಭದ್ರತಾ ಮಾಸಾಶನ. ಒಂದೇ ಓಣಿಯಲ್ಲಿ ನಡೆಯುವ ಈ ಎರಡರ ನಿಯಮ, ಮೊತ್ತ, ಭವಿಷ್ಯ ಬೇರೆಬೇರೆ. ಬಾಳಿಕೆಯ ಪ್ರಶ್ನೆ ಎರಡಕ್ಕೂ ಇದೆಯಾದರೂ ಚರ್ಚೆಯಾಗುವುದು ಬಹುತೇಕ ಮೊದಲನೆಯದೇ.

ಹಿನ್ನೆಲೆ

ಸರ್ಕಾರಕ್ಕೆ ದುಡಿದವರ ಮುಪ್ಪಿನ ಹೊಣೆ ಈ ಭಾಗದಲ್ಲಿ ಮೊದಲು ಭೂಮಿಯ ರೂಪದಲ್ಲಿತ್ತು. ಮುಂಬೈ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಯಲ್ಲಿ ಪಾಟೀಲ, ಕುಲಕರ್ಣಿ, ತಳವಾರ ಮೊದಲಾದವರು ವತನದ ಜಮೀನು ಉಣ್ಣುತ್ತಿದ್ದರು. ಹುದ್ದೆ ಮನೆತನದಲ್ಲಿಯೇ ಮುಂದುವರಿಯುತ್ತಿದ್ದುದರಿಂದ ನಿವೃತ್ತಿಯೆಂಬ ಗಡಿಯೇ ಇರಲಿಲ್ಲ. ದುಡಿಯಲಾರದ ಮುದುಕ ಆ ಜಮೀನಿನ ಕಾಳು ಉಂಡುಕೊಂಡಿರುತ್ತಿದ್ದ. ಮುಂಬೈ ಸರ್ಕಾರ 1950ರ ಕಾಯ್ದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ಏಕೀಕರಣದ ನಂತರ ಮೈಸೂರು ರಾಜ್ಯದ 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಉಳಿದ ವತನಗಳನ್ನೂ ಮುಗಿಸಿತು. ಹುಟ್ಟಿನಿಂದ ಬರುತ್ತಿದ್ದ ಹಕ್ಕು ಹೋಗಿ ಸಂಬಳ, ನಿವೃತ್ತಿ, ಪಿಂಚಣಿಯ ಕಾಲ ಬಂದದ್ದು ಸಾಮಾಜಿಕವಾಗಿ ದೊಡ್ಡ ಮುನ್ನಡೆ. ಜೊತೆಗೆ, ಜಮೀನು ಹೊರುತ್ತಿದ್ದ ಹೊಣೆ ರಾಜ್ಯದ ಖಜಾನೆಯ ಮೇಲೆ ಬಂತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬೈ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರುಗಳ ನೌಕರರು ಒಂದೇ ಸರ್ಕಾರದಡಿ ಬಂದರು. ಅದುವರೆಗಿನ ಪಿಂಚಣಿಯ ಹೊಣೆಯನ್ನು ಉತ್ತರಾಧಿಕಾರಿ ರಾಜ್ಯಗಳ ನಡುವೆ ಹಂಚುವ ವ್ಯವಸ್ಥೆಯನ್ನು ಆ ಕಾಯ್ದೆಯಲ್ಲಿಯೇ ಮಾಡಲಾಗಿತ್ತು. 1958ರ ನಾಗರಿಕ ಸೇವಾ ನಿಯಮಗಳು ಎಲ್ಲರಿಗೂ ಒಂದೇ ಚೌಕಟ್ಟು ಕೊಟ್ಟವು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಸರ್ಕಾರದ ಕೃಪೆಯಿಂದ ಬರುವುದಲ್ಲ, ಸಲ್ಲಿಸಿದ ಸೇವೆಯಿಂದ ಬರುವ ಹಕ್ಕು ಎಂಬುದನ್ನು ಗಟ್ಟಿಗೊಳಿಸಿತು. ದೇಶದ ಪಿಂಚಣಿದಾರರ ಸಂಘಗಳು ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. ಹಕ್ಕೆಂದ ಮೇಲೆ, ಹಣವಿಲ್ಲದ ವರ್ಷ ಕೈಚೆಲ್ಲುವ ದಾರಿ ಸರ್ಕಾರಕ್ಕೆ ಉಳಿಯುವುದಿಲ್ಲ. ಬಾಳಿಕೆಯ ಲೆಕ್ಕ ಅನಿವಾರ್ಯವಾದದ್ದು ಇಲ್ಲಿಂದ.

ಹಳೆಯ ಪಿಂಚಣಿಯ ಲೆಕ್ಕ

2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದ ರಾಜ್ಯ ನೌಕರರಿಗೆ ಅನ್ವಯಿಸುವ ವ್ಯವಸ್ಥೆಯಲ್ಲಿ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿಯಾಗಿ ಬರುತ್ತದೆ. ಕನಿಷ್ಠ 10 ವರ್ಷದ ಅರ್ಹತಾದಾಯಕ ಸೇವೆ ಬೇಕು. ಪಿಂಚಣಿಯ ಮೂರನೆಯ ಒಂದು ಭಾಗವನ್ನು ಪರಿವರ್ತಿಸಿ ಇಡುಗಂಟು ಪಡೆಯಬಹುದು. 15 ವರ್ಷದ ನಂತರ ಆ ಭಾಗ ಮರಳುತ್ತದೆ. ತುಟ್ಟಿಭತ್ಯೆ ಏರಿದಂತೆ ಪಿಂಚಣಿಯೂ ಏರುತ್ತದೆ, ಹೊಸ ವೇತನ ಆಯೋಗ ಬಂದಾಗ ಮೂಲ ಪಿಂಚಣಿಯೇ ಪರಿಷ್ಕಾರವಾಗುತ್ತದೆ. ನೌಕರ ತೀರಿಕೊಂಡರೆ ಕುಟುಂಬ ಪಿಂಚಣಿ ಇದೆ.

ಇದಕ್ಕೆ ನೌಕರರು ಕಂತು ಕಟ್ಟುವುದಿಲ್ಲ, ಸರ್ಕಾರವೂ ಮುಂಗಡವಾಗಿ ನಿಧಿ ಕೂಡಿಡುವುದಿಲ್ಲ. ಈ ವರ್ಷದ ತೆರಿಗೆಯಿಂದ ಈ ವರ್ಷದ ಪಿಂಚಣಿ. ಒಂದು ಲೆಕ್ಕ ಹಾಕಬಹುದು. ಬಸವನ ಬಾಗೇವಾಡಿಯ ಪ್ರೌಢಶಾಲೆಯಿಂದ 60ನೇ ವಯಸ್ಸಿಗೆ ನಿವೃತ್ತರಾದ ಶಿಕ್ಷಕರೊಬ್ಬರ ಕೊನೆಯ ಮೂಲವೇತನ 60,000 ರೂಪಾಯಿ ಎಂದುಕೊಳ್ಳೋಣ. ಪಿಂಚಣಿ 30,000. ಅವರು 80 ವರ್ಷ ಬದುಕಿದರೆ, ತುಟ್ಟಿಭತ್ಯೆಯನ್ನು ಸೇರಿಸದೆಯೇ 72 ಲಕ್ಷ ರೂಪಾಯಿ. ಪತ್ನಿ ಆಮೇಲೆ ಎಂಟು ವರ್ಷ ಇದ್ದರೆ, ಮೂಲವೇತನದ ಶೇ 30ರ ಕುಟುಂಬ ಪಿಂಚಣಿಯಂತೆ ಇನ್ನೂ 17 ಲಕ್ಷಕ್ಕೂ ಮೇಲೆ. ಅವರು ಕೆಲಸಕ್ಕೆ ಸೇರಿದ ದಿನ ಈ ಹೊಣೆ ಯಾವ ಬಜೆಟ್ ಪುಸ್ತಕದಲ್ಲೂ ಬರೆದಿರಲಿಲ್ಲ. ಹಳೆಯ ವ್ಯವಸ್ಥೆಯ ನಿಜವಾದ ದೋಷ ಇದು: ಕೊಡುವ ಮೊತ್ತ ಅತಿಯಾಯಿತು ಎಂಬುದಕ್ಕಿಂತ, ಮಾತು ಕೊಡುವಾಗ ಅದರ ಬೆಲೆ ಕಾಣದೆ ಹೋದದ್ದು. ನೇಮಕ ಮಾಡಿಕೊಂಡ ಸರ್ಕಾರ ಒಂದು, ಹಣ ತೆರುವ ಸರ್ಕಾರ ಮೂವತ್ತು ವರ್ಷ ಆಚೆಯದು.

ಬೇರೆ ಸಂಗತಿಗಳೂ ಭಾರ ಹೆಚ್ಚಿಸಿವೆ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಇದು ಸಂತೋಷದ ವಿಷಯ. 2011ರ ಜನಗಣತಿಯಲ್ಲಿಯೇ ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರು ಸುಮಾರು ಶೇ 9.5 ಇದ್ದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆಯ ದರ 1.7ಕ್ಕೆ ಇಳಿದಿದೆ, ಮುಂದೆ ತೆರಿಗೆ ಕಟ್ಟುವ ತಲೆಗಳು ಕಡಿಮೆ, ಪಿಂಚಣಿ ಪಡೆಯುವ ತಲೆಗಳು ಹೆಚ್ಚು ಎಂದು ಇದರ ಅರ್ಥ. 2008ರಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು ಭಾರವನ್ನು ಎರಡು ವರ್ಷ ಮುಂದೂಡಿತು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೆ, ಗರಿಷ್ಠ ಪಿಂಚಣಿ 75,300ರಿಂದ 1,20,600ಕ್ಕೆ ಏರಿತು. ವೇತನ, ಪಿಂಚಣಿ ಎಲ್ಲ ಸೇರಿ ವರ್ಷಕ್ಕೆ 20,208 ಕೋಟಿ ರೂಪಾಯಿಯ ಹೆಚ್ಚುವರಿ ವೆಚ್ಚ ಎಂದು ಸರ್ಕಾರ ಹೇಳಿತು. ಆ ವರ್ಷದ ಬಜೆಟ್‌ನಲ್ಲಿ ಪಿಂಚಣಿಗೆ ಇಟ್ಟದ್ದು ಸುಮಾರು 32,000 ಕೋಟಿ, ರಾಜಸ್ವ ಸ್ವೀಕೃತಿಯ ಶೇ 12ರಷ್ಟು. ಸಂಬಳ ಮತ್ತು ಬಡ್ಡಿಯನ್ನೂ ಕೂಡಿಸಿದರೆ ಬಂದ ರಾಜಸ್ವದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲೇ ಖರ್ಚಾಗಿಹೋದಂತೆ.

ಈ ಅಂಕಿಯ ಒಳಗೂ ಅಸಮಾಧಾನಗಳಿವೆ. 2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರಿಗೆ ಪಿಂಚಣಿ ಪರಿಷ್ಕಾರವಾದರೂ ಉಪದಾನ, ಪಿಂಚಣಿ ಪರಿವರ್ತನೆ, ಗಳಿಕೆ ರಜೆ ನಗದೀಕರಣಗಳು ಹಳೆಯ ವೇತನದ ಮೇಲೆಯೇ ನಿಂತವು. ಒಂದು ತಾರೀಖಿನ ಆಚೀಚೆ ನಿವೃತ್ತರಾದ ಇಬ್ಬರ ಕೈಗೆ ಬರುವ ಇಡುಗಂಟಿನಲ್ಲಿ ಲಕ್ಷಗಟ್ಟಲೆ ವ್ಯತ್ಯಾಸವಾಯಿತು. ಅವರ ಬೇಡಿಕೆ ನ್ಯಾಯವಾದದ್ದೇ. ಪ್ರತಿ ವೇತನ ಆಯೋಗದ ಹೊತ್ತಿಗೆ ಜಾರಿ ದಿನಾಂಕವನ್ನು ಹಣದ ಅನುಕೂಲ ನೋಡಿ ಗೊತ್ತುಮಾಡುವುದು ಉಳಿತಾಯದ ದಾರಿಗಳಲ್ಲಿ ತೀರ ಕೆಟ್ಟದ್ದು.

ಹೊಸ ಪಿಂಚಣಿ ಮತ್ತು ಮರಳುವ ಕೂಗು

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯನ್ನು, ಅಂದರೆ ಎನ್‌ಪಿಎಸ್ ಅನ್ನು, ತಂದಾಗ ರಾಜ್ಯವೂ 2006ರ ಏಪ್ರಿಲ್ 1 ಮತ್ತು ಆಮೇಲೆ ಸೇರುವವರಿಗೆ ಅದನ್ನೇ ಅನ್ವಯಿಸಿತು. ನೌಕರರು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಟ್ಟಬೇಕು, ಸರ್ಕಾರ ಅಷ್ಟೇ ಸೇರಿಸಬೇಕು; 2019ರಿಂದ ಸರ್ಕಾರದ ಪಾಲು ಶೇ 14 ಆಯಿತು. ನಿವೃತ್ತಿಯ ದಿನ ಗಂಟಿನ ಶೇ 60ರವರೆಗೆ ಒಟ್ಟಿಗೆ ತೆಗೆದುಕೊಂಡು, ಉಳಿದ ಶೇ 40ಕ್ಕೆ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು.

ಖಜಾನೆಯ ದೃಷ್ಟಿಯಿಂದ ಇದು ಅಚ್ಚುಕಟ್ಟು: ಪ್ರತಿ ತಿಂಗಳ ಹೊಣೆ ಆ ತಿಂಗಳೇ ತೀರುತ್ತದೆ. ನೌಕರರ ದೃಷ್ಟಿಯಿಂದ ಎಲ್ಲ ಅಪಾಯಗಳೂ ಅವರ ತಲೆಯ ಮೇಲೆ. ಮೇಲಿನ ಶಿಕ್ಷಕರಿಗೆ 30,000 ರೂಪಾಯಿಯ ಮಾಸಿಕ ವರ್ಷಾಶನ ಬರಬೇಕಾದರೆ, ಬಡ್ಡಿ ಶೇ 6.5 ಎಂದು ಹಿಡಿದರೂ, ವರ್ಷಾಶನಕ್ಕೆ ಸುಮಾರು 55 ಲಕ್ಷ ಬೇಕು. ಶೇ 40 ಮಾತ್ರ ಅದಕ್ಕೆ ಹಾಕುವುದಾದರೆ ಒಟ್ಟು ಗಂಟು 1.38 ಕೋಟಿ ಇರಬೇಕು. ಅಷ್ಟಾದ ಮೇಲೂ ಆ 30,000 ಇಪ್ಪತ್ತು ವರ್ಷವೂ 30,000ವೇ, ತುಟ್ಟಿಭತ್ಯೆಯಿಲ್ಲ. ಕರ್ನಾಟಕದಲ್ಲಿ ಕಂತು ಕಡಿತ ಕ್ರಮವಾಗಿ ಆರಂಭವಾದದ್ದು 2010ರಲ್ಲಿ. ನಡುವಿನ ನಾಲ್ಕು ವರ್ಷದ ಬಾಕಿ ಆಮೇಲೆ ತುಂಬಬೇಕಾಗಿ ಬಂತು. ಗಂಟು ಬೆಳೆಯುವುದೇ ಮೊದಲ ವರ್ಷಗಳ ಹಣದಿಂದ ಎಂಬಾಗ ಇದು ಸಣ್ಣ ನಷ್ಟವಲ್ಲ. ವಯಸ್ಸಾದ ಮೇಲೆ ಕೆಲಸ ಸಿಕ್ಕಿ ಹತ್ತು ಹನ್ನೆರಡು ವರ್ಷದಲ್ಲಿ ನಿವೃತ್ತರಾದವರಿಗೆ ಬಂದ ವರ್ಷಾಶನ ಮನೆಯ ರೇಷನ್ನಿಗೂ ಸಾಲದಷ್ಟು. ನೌಕರರ ಸಿಟ್ಟು ಹುಟ್ಟಿದ್ದು ಈ ಉದಾಹರಣೆಗಳನ್ನು ಕಣ್ಣಾರೆ ಕಂಡು.

2022 ಮತ್ತು 2023ರಲ್ಲಿ ರಾಜಸ್ಥಾನ, ಛತ್ತೀಸಗಡ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಹಳೆಯ ಪಿಂಚಣಿಗೆ ಮರಳುವುದಾಗಿ ಸಾರಿದವು. ಕರ್ನಾಟಕದಲ್ಲಿ 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದಾಗ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಕೊಟ್ಟು, ಹಳೆಯ ಪಿಂಚಣಿಯ ಅಧ್ಯಯನಕ್ಕೆ ಸಮಿತಿ ಮಾಡುವುದಾಗಿ ಒಪ್ಪಿತು. 2024ರ ಜನವರಿಯಲ್ಲಿ, ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಹೊರಟು ಕೆಲಸಕ್ಕೆ ಮಾತ್ರ ಆಮೇಲೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿಗೆ ಸೇರಿಸಿತು. ಇದು ಸರಿಯಾದ ತೀರ್ಮಾನ. ಆದೇಶ ಪತ್ರ ತಡವಾದದ್ದಕ್ಕೆ ಅಭ್ಯರ್ಥಿ ಹೊಣೆಯಲ್ಲ.

ಎಲ್ಲರನ್ನೂ ಮರಳಿ ತರುವುದು ಬೇರೆಯೇ ಮಾತು. ಹಾಗೆ ಮಾಡಿದ ವರ್ಷ ಸರ್ಕಾರಕ್ಕೆ ಲಾಭವೇ ಕಾಣುತ್ತದೆ: ಶೇ 14ರ ಕಂತು ಉಳಿಯುತ್ತದೆ. ಭಾರ ಎದ್ದು ಕಾಣುವುದು 2030ರ ದಶಕದ ನಡುವಿನಿಂದ, 2006ರ ನಂತರ ಸೇರಿದ ಶಿಕ್ಷಕರು, ಪೊಲೀಸರು ಗುಂಪುಗುಂಪಾಗಿ ನಿವೃತ್ತರಾಗುವ ಹೊತ್ತಿಗೆ. ರಾಜ್ಯಗಳೆಲ್ಲ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ 4.5 ಪಟ್ಟಿನವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ ಸಂಚಿಕೆಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಈಗಾಗಲೇ ಕಟ್ಟಿದ ಹಣವನ್ನು ರಾಜ್ಯಗಳಿಗೆ ಮರಳಿಸಲು ಪಿಂಚಣಿ ನಿಧಿ ಪ್ರಾಧಿಕಾರದ ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಹೇಳಿದೆ.

ನಡುದಾರಿಯೊಂದು 2024ರ ಆಗಸ್ಟ್ 24ರಂದು ಬಂತು. ಕೇಂದ್ರದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತ್ರಿ, 10 ವರ್ಷ ಮಾಡಿದವರಿಗೆ ಕನಿಷ್ಠ 10,000 ರೂಪಾಯಿ, ಬೆಲೆಯೇರಿಕೆಗೆ ತಕ್ಕ ಪರಿಹಾರ. ನೌಕರರ ಕಂತು ಶೇ 10 ಮುಂದುವರಿಯುತ್ತದೆ, ಸರ್ಕಾರದ ಪಾಲು ಶೇ 18.5. ಚಡಚಣ, ಇಂಡಿಯ ಆಚೆ ಭೀಮೆ ದಾಟಿದರೆ ಸಿಗುವ ಮಹಾರಾಷ್ಟ್ರವೇ ಇದನ್ನು ಮೊದಲು ಒಪ್ಪಿದ ರಾಜ್ಯ. ಖಾತ್ರಿಯೂ ಕಂತೂ ಎರಡೂ ಇರುವ ಈ ಬಗೆ ಹಳೆಯದಕ್ಕಿಂತ ಪ್ರಾಮಾಣಿಕ, ಎನ್‌ಪಿಎಸ್‌ಗಿಂತ ಮಾನವೀಯ. ಆದರೂ ಖಾತ್ರಿಗೂ ನಿಧಿಗೂ ನಡುವಿನ ಅಂತರವನ್ನು ಯಾರೋ ತುಂಬಲೇಬೇಕು; ಕಾಲಕಾಲಕ್ಕೆ ವಿಮಾಗಣಕರ ಲೆಕ್ಕವನ್ನು ಬಹಿರಂಗವಾಗಿ ಮಂಡಿಸದೆ ಇದನ್ನು ನಡೆಸುವುದು ಅಪಾಯ.

ಕರ್ನಾಟಕ ಯಾವ ದಾರಿ ಹಿಡಿದರೂ ಎರಡು ಹೊಣೆ ಒಟ್ಟಿಗೆ ಹೊರಬೇಕಾದ ಕಾಲ ತಪ್ಪುವುದಿಲ್ಲ. 2006ರ ಮಾರ್ಚ್‌ನಲ್ಲಿ 21ನೇ ವಯಸ್ಸಿಗೆ ಸೇರಿದವರು ನಿವೃತ್ತರಾಗುವುದು 2045ರ ಹೊತ್ತಿಗೆ. ಅಲ್ಲಿಯವರೆಗೆ ಹಳೆಯ ಪಿಂಚಣಿದಾರರ ಸಾಲು ಬೆಳೆಯುತ್ತಲೇ ಇರುತ್ತದೆ, ಹೊಸಬರ ಕಂತೂ ಕಟ್ಟಬೇಕು.

ಮಾಸಾಶನ: ಬೇರೆಯದೇ ಅಳತೆ

ಮೈಸೂರು ರಾಜ್ಯ 1960ರ ದಶಕದ ನಡುಭಾಗದಲ್ಲಿಯೇ ನಿರ್ಗತಿಕ ವೃದ್ಧರಿಗೆ ವೇತನ ಆರಂಭಿಸಿತ್ತು. ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಬಂದದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿಯೊಂದಿಗೆ. ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಮುಂತಾದ 65 ದಾಟಿದವರಿಗಾಗಿ ರಾಜ್ಯ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದು 400 ರೂಪಾಯಿ ಕೊಟ್ಟಿತು. 2021ರಲ್ಲಿ ಅದು 1,200 ಆಯಿತು. ದೇವರ ಹಿಪ್ಪರಗಿಯಂಥ ತಾಲ್ಲೂಕಿನಲ್ಲಿ ಮುಪ್ಪಿನ ಭದ್ರತೆ ಎಂದರೆ ಬಹುಪಾಲು ಜನರಿಗೆ ಇದೇ.

ರಾಜ್ಯದಲ್ಲಿ ವೃದ್ಧಾಪ್ಯ, ವಿಧವಾ, ಅಂಗವಿಕಲ ಮೊದಲಾದ ಮಾಸಾಶನಗಳನ್ನು ಪಡೆಯುವವರು ಎಪ್ಪತ್ತು ಲಕ್ಷ ದಾಟಿದ್ದಾರೆ. ಅವರೆಲ್ಲರಿಗೂ ಸೇರಿ ವರ್ಷಕ್ಕೆ ಆಗುವ ಖರ್ಚು ಸುಮಾರು 10,000 ಕೋಟಿ. ಕೆಲವೇ ಲಕ್ಷ ನಿವೃತ್ತ ನೌಕರರ 32,000 ಕೋಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ನೌಕರರ ಹಕ್ಕನ್ನು ಕಡಿಯಬೇಕೆಂದು ಇದರ ಅರ್ಥವಲ್ಲ. ಹೊಲದಲ್ಲಿ ಐವತ್ತು ವರ್ಷ ಕಳೆ ಕಿತ್ತವಳೂ ದುಡಿದವಳೇ. ಅವಳ ಸೇವೆಗೆ ಸೇವಾಪುಸ್ತಕವಿಲ್ಲ, ಅಷ್ಟೆ.

ಮಾಸಾಶನದ ದೊಡ್ಡ ಕೊರತೆ ಪರಿಷ್ಕರಣೆಯ ನಿಯಮವಿಲ್ಲದಿರುವುದು. 60ರಿಂದ 79 ವರ್ಷದ ವೃದ್ಧರಿಗೆ ಕೇಂದ್ರದ ಪಾಲು 200 ರೂಪಾಯಿ. 2000ದ ದಶಕದ ನಡುವಿನಲ್ಲಿ ನಿಗದಿಯಾದ ಈ ಮೊತ್ತ ಇಂದಿಗೂ ಹಾಗೆಯೇ ಇದೆ. ಆ ಅವಧಿಯಲ್ಲಿ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಸುಮಾರು ಮೂರು ಪಟ್ಟಾಗಿದೆ. ಆ 200 ರೂಪಾಯಿಯೂ ರಾಜ್ಯಕ್ಕೆ ಗೊತ್ತುಮಾಡಿದ ಸಂಖ್ಯೆಯ ಫಲಾನುಭವಿಗಳಿಗೆ ಮಾತ್ರ. ಉಳಿದವರ ಪೂರ್ತಿ ಹೊಣೆ ರಾಜ್ಯದ್ದು. ರಾಜ್ಯದ ಮೊತ್ತ ಏರಿದೆ, ಆದರೆ ಬಜೆಟ್ಟಿನ ಅಥವಾ ಹೊಸ ಮುಖ್ಯಮಂತ್ರಿಯ ಘೋಷಣೆ ಬಂದಾಗ ಮಾತ್ರ. ನಡುವೆ ವರ್ಷಗಟ್ಟಲೆ ನಿಂತೇ ಇರುತ್ತದೆ. ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಲೆಕ್ಕ ಹಾಕುವ ಆರ್ಥಿಕ ಇಲಾಖೆಗೆ ಅದೇ ಸೂಚ್ಯಂಕವನ್ನು ಮಾಸಾಶನಕ್ಕೂ ಅನ್ವಯಿಸುವುದು ಕಷ್ಟದ ಕೆಲಸವೇನಲ್ಲ. ಏರಿಕೆ ಸಣ್ಣದಾದರೂ ನಿಯಮಿತವಾಗಿದ್ದರೆ ಖಜಾನೆಗೂ ಮುಂದಿನ ಐದು ವರ್ಷದ ಅಂದಾಜು ಸಿಗುತ್ತದೆ, ಚುನಾವಣೆಯ ಹೊತ್ತಿನ ದಿಢೀರ್ ಜಿಗಿತಗಳೂ ತಪ್ಪುತ್ತವೆ.

ನಡುವಿನವರು

ಎರಡೂ ಬದಿಗೆ ಪೂರ್ತಿ ಸೇರದವರು ಅನೇಕರಿದ್ದಾರೆ. ವಿಜಯಪುರ ವಿಭಾಗವನ್ನು ನಡೆಸುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಚಾಲಕ, ನಿರ್ವಾಹಕರಿಗೆ ರಾಜ್ಯದ ಪಿಂಚಣಿ ಇಲ್ಲ. 1995ರ ನೌಕರರ ಪಿಂಚಣಿ ಯೋಜನೆ ಇದೆ. ಅದಕ್ಕೆ ಮಾಲೀಕರ ಕಂತಿನಿಂದ ವೇತನದ ಶೇ 8.33 ಹೋಗುತ್ತದೆ, ಆದರೆ 15,000 ರೂಪಾಯಿಯ ವೇತನ ಮಿತಿಯೊಳಗೆ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲಿ ನಿಂತಿದೆ. ಮೂವತ್ತು ವರ್ಷ ಬಸ್ ಓಡಿಸಿದವನ ಪಿಂಚಣಿ ಅದೇ ದಿನ ನಿವೃತ್ತನಾದ ಗುಮಾಸ್ತನ ಪಿಂಚಣಿಯ ಸಣ್ಣ ಪಾಲೂ ಆಗದು.

ಗುಳೆ ಹೋಗಿ ಗಾರೆ ಕೆಲಸ ಮಾಡುವವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 1996ರ ಕೇಂದ್ರ ಕಾಯ್ದೆಗಳಂತೆ ಕಟ್ಟಡದ ವೆಚ್ಚದ ಶೇ 1 ಸೆಸ್ ಸಂಗ್ರಹವಾಗಿ, ನೋಂದಾಯಿತ ಕಾರ್ಮಿಕರಿಗೆ 60ರ ನಂತರ ಅದರಿಂದ ಪಿಂಚಣಿ ಕೊಡಲಾಗುತ್ತದೆ. ಬಾಳಿಕೆಯ ದೃಷ್ಟಿಯಿಂದ ಇದು ಗಮನಿಸಬೇಕಾದ ಮಾದರಿ: ಹಣದ ಮೂಲ ಗೊತ್ತು, ಅದನ್ನು ಬೇರೆಡೆ ತಿರುಗಿಸುವಂತಿಲ್ಲ. ತೊಡಕಿರುವುದು ನೋಂದಣಿಯಲ್ಲಿ. ಗೋವಾದಲ್ಲಿ ಎಂಟು ತಿಂಗಳು, ಊರಲ್ಲಿ ನಾಲ್ಕು ತಿಂಗಳು ಇರುವ ಕಾರ್ಮಿಕನನ್ನು ಯಾವ ರಾಜ್ಯದ ಮಂಡಳಿ ತನ್ನವನೆಂದು ಬರೆದುಕೊಳ್ಳಬೇಕು? ಒಂದು ರಾಜ್ಯದಲ್ಲಿ ಕಟ್ಟಿದ ವರ್ಷಗಳು ಇನ್ನೊಂದರಲ್ಲಿ ಎಣಿಕೆಗೆ ಬಾರದಿದ್ದರೆ ಸೆಸ್ ಗಂಟು ತುಂಬಿಯೇ ಇರುತ್ತದೆ, ಕಾರ್ಮಿಕನ ಕೈ ಖಾಲಿ. 2015ರ ಅಟಲ್ ಪಿಂಚಣಿ ಯೋಜನೆ ಈ ತೊಡಕಿಲ್ಲದೆ ದೇಶವಿಡೀ ನಡೆಯುತ್ತದೆ. ಆದರೆ ಅದರ ಗರಿಷ್ಠ 5,000 ರೂಪಾಯಿಯೂ ಸ್ಥಿರ ಮೊತ್ತ. ಇಂದು 20 ವಯಸ್ಸಿನವನು ಅದನ್ನು ಕೈಗೆ ಪಡೆಯುವುದು ನಲವತ್ತು ವರ್ಷ ಕಳೆದ ಮೇಲೆ.

ಅನುದಾನಿತ ಶಾಲೆಗಳ ಶಿಕ್ಷಕರ ಕತೆ ಇನ್ನೊಂದು. ಅನುದಾನಕ್ಕೆ ಒಳಪಡುವ ಮುಂಚಿನ ಸೇವೆಯನ್ನು ವೇತನ, ಪಿಂಚಣಿಗೆ ಎಣಿಸಬೇಕೆಂಬ ಅವರ ಬೇಡಿಕೆ ನ್ಯಾಯಾಲಯಗಳಲ್ಲಿ ಗೆಲ್ಲುತ್ತ ಬಂದಾಗ ರಾಜ್ಯ 2014ರಲ್ಲಿ ಕಾಯ್ದೆಯನ್ನೇ ತಂದು ಆ ದಾರಿ ಮುಚ್ಚಿತು. ಕಾರಣ ಹೊರೆಯೇ.

ಲೆಕ್ಕ ಸರಿಹೋಗುವ ದಾರಿಗಳು

ಜರ್ಮನಿ 1889ರಲ್ಲಿ ವೃದ್ಧಾಪ್ಯ ವಿಮೆ ತಂದಾಗ ಪಿಂಚಣಿಯ ವಯಸ್ಸು 70 ಇತ್ತು. ಅದನ್ನು ಮುಟ್ಟುವವರೇ ಕಡಿಮೆ. ಈಗ ಎಲ್ಲೆಡೆ ವಯಸ್ಸು, ಕಂತು, ಮೊತ್ತ ಈ ಮೂರರಲ್ಲಿ ಯಾವುದನ್ನಾದರೂ ಸರಿಸದೆ ಲೆಕ್ಕ ಕೂಡದು. ಸ್ವೀಡನ್ 1990ರ ದಶಕದ ಸುಧಾರಣೆಯಲ್ಲಿ ಆಯುಷ್ಯ ಮತ್ತು ಗಳಿಕೆಗೆ ತಕ್ಕಂತೆ ಪಿಂಚಣಿ ತಾನಾಗಿ ಹೊಂದಿಕೊಳ್ಳುವ ನಿಯಮ ಮಾಡಿತು. ಭಾರತದ ರಾಜ್ಯವೊಂದು ಅದನ್ನು ಹಾಗೆಯೇ ತರಲಾಗದು, ಏಕೆಂದರೆ ಇಲ್ಲಿ ಹೆಚ್ಚು ಜನ ಕಂತಿನ ವ್ಯವಸ್ಥೆಯ ಹೊರಗಿದ್ದಾರೆ. ಮೊದಲೇ ಬರೆದಿಟ್ಟ ನಿಯಮ, ಆಮೇಲೆ ಬೀದಿಗಿಳಿದು ಕೇಳಬೇಕಾಗದಂಥ ನಿಯಮ ಎಂಬುದನ್ನು ಮಾತ್ರ ತೆಗೆದುಕೊಳ್ಳಬಹುದು. ಹೊಸ ಹುದ್ದೆ ಸೃಷ್ಟಿಸುವ ಆದೇಶದಲ್ಲಿಯೇ ಅದರ ಪಿಂಚಣಿ ಹೊಣೆಯನ್ನೂ ಬರೆಯುವುದು, ಹಳೆಯ ಪಿಂಚಣಿಯ ಭಾರ ಶಿಖರ ಮುಟ್ಟುವ ವರ್ಷಗಳಿಗೆಂದು ಈಗಿನಿಂದಲೇ ನಿಧಿ ಕೂಡಿಡುವುದು, ಅಡವಿಡಲಾಗದ ಆ ನಿಧಿಯ ಲೆಕ್ಕವನ್ನು ವಿಧಾನಮಂಡಲದ ಮುಂದಿಡುವುದು ಕರ್ನಾಟಕದ ಆಡಳಿತಕ್ಕೆ ಅಸಾಧ್ಯವಲ್ಲ. ಇದಕ್ಕೆ ಬೇಕಾದ ಮಾಹಿತಿ ಖಜಾನೆ ಮತ್ತು ಮಹಾಲೇಖಪಾಲರ ಕಚೇರಿಗಳಲ್ಲಿ ಈಗಾಗಲೇ ಇದೆ.

ಇನ್ನು ಪಟ್ಟಿಯ ಶುದ್ಧಿ. ಮಾಸಾಶನದ ಹಣ ಸೋರುವುದು ತೀರಿಕೊಂಡವರ, ಅನರ್ಹರ ಹೆಸರಿನಲ್ಲಿ. ಇದನ್ನು ತಡೆಯಲು ಆಧಾರ್ ಜೋಡಣೆ, ಕುಟುಂಬ ದತ್ತಾಂಶ, ನೇರ ಬ್ಯಾಂಕ್ ಜಮೆ ಬಂದಿವೆ. 2021ರಲ್ಲಿ ಆರಂಭವಾದ ಮನೆ ಬಾಗಿಲಿಗೆ ಮಾಸಾಶನ ಕಾರ್ಯಕ್ರಮ ಇದೇ ದತ್ತಾಂಶವನ್ನು ಒಳ್ಳೆಯದಕ್ಕೆ ಬಳಸಿತು: 60 ತುಂಬಿದವರನ್ನು ಹುಡುಕಿ ಅರ್ಜಿಯಿಲ್ಲದೆ ಆದೇಶ ಕೊಡುವುದು. ಅದೇ ದತ್ತಾಂಶದ ತಪ್ಪಿನಿಂದ ಬದುಕಿರುವವರ ಹಣ ನಿಲ್ಲುವುದೂ ಇದೆ. ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ, ಆಧಾರ್‌ನಲ್ಲಿ ವಯಸ್ಸು ಅಂದಾಜಿಗೆ ಬರೆದಿರುತ್ತದೆ, ಮಗ ದುಡಿಯಲು ಹೋದ ಊರಿನಿಂದ ತಾಯಿ ಮರಳುವಷ್ಟರಲ್ಲಿ ಪರಿಶೀಲನೆಯ ದಿನ ಮುಗಿದಿರುತ್ತದೆ. ಅನರ್ಹನೊಬ್ಬನಿಗೆ ಹೋದ 1,200ಕ್ಕಿಂತ ಅರ್ಹಳೊಬ್ಬಳಿಗೆ ತಪ್ಪಿದ 1,200 ದೊಡ್ಡ ನಷ್ಟವೆಂದು ಲೆಕ್ಕ ಹಿಡಿಯಬೇಕು. ಹೆಸರು ತೆಗೆಯುವ ಮೊದಲು ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ನೋಡುವುದು, ತೆಗೆದರೆ ಕಾರಣವನ್ನು ಬರೆದು ಕೊಡುವುದು, ತಪ್ಪಾಗಿ ನಿಂತ ತಿಂಗಳುಗಳ ಹಣವನ್ನು ಬಾಕಿಯಾಗಿ ಒಟ್ಟಿಗೆ ಜಮೆ ಮಾಡುವುದು ಕಡ್ಡಾಯವಾಗಬೇಕು. ನಾಡಕಚೇರಿಗೆ ಬಂದುಹೋಗುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಇವು ಮಾಸಾಶನದ ದೊಡ್ಡ ಪಾಲನ್ನೇ ನುಂಗುವಾಗ, ಪರಿಶೀಲನೆಯ ಓಡಾಟ ಇಲಾಖೆಯದಾಗಿರಬೇಕು, ಎಪ್ಪತ್ತರ ಮುದುಕಿಯದಲ್ಲ.